ಮಾದರಿಗೊಂದು ಹೆಂಚು

ನನ್ನ ಲ್ಯಾಪ್‌ಟಾಪಿಗೆ ಹಿಡಿ ಉಂಟು. ಟ್ರಂಕಿನ ಹಿಡಿಯ ಹಾಗೆ, ನಾಲ್ಕು ಬೆರಳು ತೂರಿಸಿ ಎತ್ತಿಕೊಂಡು ಹೋಗುವಂಥದ್ದು. ಅದನ್ನು ಹಿಡಿದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಸಿಟಿ ಬಸ್ಸು ಹತ್ತಿದರೆ ಕಂಡಕ್ಟರು ಮೊದಲು ಅದನ್ನು ನೋಡುತ್ತಾನೆ, ಆಮೇಲೆ ನನ್ನನ್ನು. "ಪಂಪ್ ರಿಪೇರಿಯವರಾ?" ಎಂದು ಕೇಳಿದವರಿದ್ದಾರೆ. ಒಮ್ಮೆ ಮಂಗಳಾದೇವಿಯ ಹತ್ತಿರ ಒಬ್ಬರು ಹೆಂಗಸು ತಡೆದು ನಿಲ್ಲಿಸಿ, ಗ್ರೈಂಡರು ತಿರುಗುವುದಿಲ್ಲ, ಒಮ್ಮೆ ಬಂದು ನೋಡಬಹುದಾ ಎಂದರು. ನೆನೆಹಾಕಿದ ಅಕ್ಕಿಯ ಚಿಂತೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. "ಇಲ್ಲಮ್ಮ, ಇದು ಲ್ಯಾಪ್‌ಟಾಪು" ಎಂದೆ. ಅವರು ನಂಬಲಿಲ್ಲ. ಬರಲು ಮನಸ್ಸಿಲ್ಲದೆ ಹೇಳಿದ ನೆಪ ಎಂದೇ ತಿಳಿದುಕೊಂಡು ಹೋದರು.

ಇಂಥವಕ್ಕೆ 'ರಗ್ಡ್' ಲ್ಯಾಪ್‌ಟಾಪು ಎನ್ನುತ್ತಾರೆ. ಕನ್ನಡದಲ್ಲಿ ಏನು ಹೇಳುವುದೆಂದು ತುಂಬ ದಿನ ಯೋಚಿಸಿದ್ದೇನೆ. 'ಒರಟು' ಎಂದರೆ ಬೈದಂತಾಗುತ್ತದೆ. 'ದೃಢಕಾಯ' ಎಂದರೆ ವರ ಬೇಕಾಗಿದ್ದಾನೆ ಎಂಬ ಜಾಹೀರಾತಿನಂತಾಗುತ್ತದೆ. ನಮ್ಮ ಮನೆಯಲ್ಲಿ ಈ ಸಮಸ್ಯೆ ಬಹಳ ಹಿಂದೆಯೇ ಬಗೆಹರಿದಿದೆ. "ನಿಮ್ಮ ಪೆಟ್ಟಿಗೆಯನ್ನು ಊಟದ ಮೇಜಿನಿಂದ ತೆಗೀರಿ" ಎಂದು ಇವಳು ಹೇಳಿದಂದಿನಿಂದ ಅದು ಪೆಟ್ಟಿಗೆಯೇ.

ನಾನು ಸರ್ವೆ ಕೆಲಸದವ. ಅಡಕೆ ತೋಟದ ಗಡಿ, ಲೇಔಟಿನ ರಸ್ತೆ, ಗುಡ್ಡ ತರಿದವನಿಗೂ ತರಿಸಿದವನಿಗೂ ಜಗಳ ಬಂದಾಗ ಎಷ್ಟು ಮಣ್ಣು ಹೋಯಿತು ಎಂಬ ಲೆಕ್ಕ, ಇಂಥವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ, ಮೇ ತಿಂಗಳ ಬಿಸಿಲಿಗೂ ಜೂನಿನ ಕೆಸರಿಗೂ ಒಂದೇ ಯಂತ್ರವನ್ನು ಒಡ್ಡಬೇಕಾದವನಿಗೆ ಅಂಗಡಿಯಲ್ಲಿ ಸಿಗುವ ತೆಳ್ಳಗಿನ ಬೆಳ್ಳಿ ಲ್ಯಾಪ್‌ಟಾಪು ಹಪ್ಪಳ ಇದ್ದಂತೆ. ಮಳೆಗಾಲದಲ್ಲಿ ಎರಡಕ್ಕೂ ಒಂದೇ ಗತಿ.

ಪೆಟ್ಟಿಗೆಯ ಗಟ್ಟಿತನಕ್ಕೆ ಪ್ರಮಾಣಪತ್ರ ಉಂಟು. ಅಮೆರಿಕದ ಸೈನ್ಯದವರ ಮಿಲ್‌-ಎಸ್‌ಟಿಡಿ-810 ಎಂಬ ಪರೀಕ್ಷೆಯಲ್ಲಿ ಇಂಥ ಯಂತ್ರವನ್ನು ನಾಲ್ಕು ಅಡಿ ಎತ್ತರದಿಂದ 26 ಸಲ ಬೀಳಿಸುತ್ತಾರೆ. 26 ಏಕೆಂದರೆ ಪೆಟ್ಟಿಗೆಗೆ ಮುಖ 6, ಅಂಚು 12, ಮೂಲೆ 8. ಯಾವುದಕ್ಕೂ ಬೇಸರವಾಗಬಾರದು ಎಂದು ಎಲ್ಲವಕ್ಕೂ ಒಂದೊಂದು ಸಲ. ಬೀಳಿಸುವುದು ಎರಡು ಇಂಚು ದಪ್ಪದ ಪ್ಲೈವುಡ್ಡಿನ ಮೇಲೆ, ಅದರ ಅಡಿಗೆ ಕಾಂಕ್ರೀಟು. ನಮ್ಮ ಮನೆಯಲ್ಲಿ ಪ್ಲೈವುಡ್ಡಿನ ಉಪಚಾರವಿಲ್ಲ, ನೇರ ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಮೂರು ಸಲ ಬಿದ್ದಿದೆ. ನೆಲ ಒಡೆದಿದೆ, ಪೆಟ್ಟಿಗೆಗೆ ಏನೂ ಆಗಿಲ್ಲ. ಅದೇ ಸಂಹಿತೆಯಲ್ಲಿ ಉಪ್ಪುಮಂಜಿನ ಪರೀಕ್ಷೆ ಎಂದೂ ಒಂದುಂಟು, ಉಪ್ಪುನೀರನ್ನು ಮಂಜಿನಂತೆ ಸಿಂಪಡಿಸಿ ತುಕ್ಕು ಹಿಡಿಯುತ್ತದೆಯೇ ಎಂದು ನೋಡುವುದು. ಅದಕ್ಕೆ ನಮ್ಮಲ್ಲಿ ಪ್ರಯೋಗಾಲಯವೇ ಬೇಡ. ಪಣಂಬೂರಿನ ಕಡೆ ಬಾಡಿಗೆ ಮನೆ ಮಾಡಿದರಾಯಿತು.

ಈ ಪೆಟ್ಟಿಗೆಯನ್ನು 2012ರಲ್ಲಿ ನನ್ನ ತಲೆಗೆ ಕಟ್ಟಿದ್ದು ಭಾವ. ಇವಳ ಅಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುವುದರಿಂದ ಫೋನಿನಲ್ಲಿ ಮೂರನೆಯವರಿಗೆ ಯಾರು ಯಾರಿಗೆ ಏನು ಎಂದು ತಿಳಿಯುವುದಿಲ್ಲ. ಅವರು ಕುವೈತಿನಲ್ಲಿ ಎಣ್ಣೆಬಾವಿಯ ಕಡೆ ಕೆಲಸಕ್ಕಿದ್ದವರು. ಕಂಪನಿ ಹಳೆಯ ಯಂತ್ರಗಳನ್ನು ಹರಾಜು ಹಾಕಿದಾಗ ಒಂದನ್ನು ಹಿಡಿದು, ಖರ್ಜೂರದ ಡಬ್ಬಿ, ಹಾಲಿನ ಪುಡಿ, ಟೈಗರ್ ಬಾಮ್‌ಗಳ ನಡುವೆ ತಂದಿದ್ದರು. ಮೊದಲ ದಿನ ಅದರ ಬದಿಯ ರಬ್ಬರು ಮುಚ್ಚಳ ತೆಗೆದರೆ ಒಂದು ಚಿಟಿಕೆ ಮರಳು ಉದುರಿತು. ಬಿಳಿಚಿಕೊಂಡ, ನಯವಾದ, ನಮ್ಮ ನೇತ್ರಾವತಿಯ ಮರಳಿಗೆ ಯಾವ ಸಂಬಂಧವೂ ಇಲ್ಲದ ಮರಳು. ಕೆಂಪು ನೆಲದ ಮೇಲೆ ಅದು ಬಿದ್ದಿದ್ದನ್ನು ಇವಳು ಗುಡಿಸದೆ ಒಂದು ಗಳಿಗೆ ನೋಡುತ್ತ ನಿಂತಳು. ಅಣ್ಣ ಇಪ್ಪತ್ತು ವರ್ಷ ನಡೆದಾಡಿದ ನೆಲ ಅಲ್ಲವೇ. ಆಮೇಲೆ ಗುಡಿಸಿದಳು.

ಯಂತ್ರ ಚೆನ್ನಾಗಿತ್ತು. ಒಂದೇ ತೊಂದರೆ, ಅದರೊಳಗಿನ ವಿಂಡೋಸ್ ಅರಬ್ಬಿಯಲ್ಲಿತ್ತು. ಅಕ್ಷರ ಮಾತ್ರವಲ್ಲ, ಇಡೀ ಪರದೆಯೇ ಬಲದಿಂದ ಎಡಕ್ಕೆ. ಎಡ ಮೂಲೆಯಲ್ಲಿರಬೇಕಾದ ಸ್ಟಾರ್ಟ್ ಗುಂಡಿ ಬಲ ಮೂಲೆಯಲ್ಲಿ ಕೂತಿತ್ತು. ನಾನು ಲಿನಕ್ಸಿಗೆ ಬಂದದ್ದು ಹೀಗೆ. ಕೆಲವರು ಸ್ವಾತಂತ್ರ್ಯಕ್ಕಾಗಿ ಬರುತ್ತಾರೆ, ಕೆಲವರು ತತ್ವಕ್ಕಾಗಿ. ನಾನು ಬಂದದ್ದು ಅರಬ್ಬಿ ಬಾರದೆ.

ಬಂದದ್ದೇನೋ ಬಂದೆ, ಮೊದಲೇ ವಿಚಾರಿಸದೆ ಬಂದೆ. ಹಳೆಯದನ್ನು ಅಳಿಸಿ ಡೆಬಿಯನ್ ಎಂಬ ಲಿನಕ್ಸು ಹಾಕಿದ ಮೇಲೆ ನೋಡಿದರೆ ವೈಫೈ ಇಲ್ಲ. ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರು, ಅಂದರೆ ಚಿಪ್ಪನ್ನು ಎಬ್ಬಿಸುವ ಸಣ್ಣ ಮಂತ್ರ, ಆ ಕಾಲದಲ್ಲಿ ಡೆಬಿಯನ್ನಿನ ಡಿಸ್ಕಿನಲ್ಲಿ ಬರುತ್ತಿರಲಿಲ್ಲ. ಮೂಲ ಬರಹ ತೆರೆದು ತೋರಿಸದ ಸಾಫ್ಟ್‌ವೇರನ್ನು ನಮ್ಮ ಡಿಸ್ಕಿನಲ್ಲಿ ಸೇರಿಸುವುದಿಲ್ಲ ಎಂಬ ಮಡಿ ಅವರದು. ಬೇಕಾದವರು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್‌ನೆಟ್ ಬೇಕಾದರೆ ವೈಫೈ ಬೇಕು. ಬಾವಿಯಿಂದ ನೀರೆತ್ತಲು ಹಗ್ಗ ಬೇಕು, ಹಗ್ಗ ಬಿದ್ದಿರುವುದು ಬಾವಿಯೊಳಗೆ. ಈ ಮಡಿ ಸಡಿಲಾದದ್ದು ಬಹಳ ತಡವಾಗಿ. 2022ರಲ್ಲಿ ಅವರೊಳಗೇ ಮತ ಹಾಕಿ, 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರನ್ನೂ ಡಿಸ್ಕಿನಲ್ಲೇ ಇಟ್ಟರು. ನನ್ನ ಪಾಲಿಗೆ ಹನ್ನೊಂದು ವರ್ಷ ತಡ.

ಟಚ್‌ಸ್ಕ್ರೀನಿನ ಕತೆ ಬೇರೆ. ಕೆಲಸ ಮಾಡುತ್ತಿತ್ತು, ಆದರೆ ಉಲ್ಟಾ. ನಕ್ಷೆಯಲ್ಲಿ ಬೆರಳನ್ನು ಪಂಪ್‌ವೆಲ್ಲಿನ ಮೇಲಿಟ್ಟರೆ ಬಾಣ ಸುರತ್ಕಲ್ಲಿಗೆ ಹೋಗುತ್ತಿತ್ತು. ಒಂದು ವಾರ ನಾನು ಹಾಗೆಯೇ ಅಭ್ಯಾಸ ಮಾಡಿಕೊಂಡೆ. ಎಡಕ್ಕೆ ಬೇಕಾದರೆ ಬಲಕ್ಕೆ ಒತ್ತುವುದು. ಆ ವಾರ ಸ್ಕೂಟರು ಓಡಿಸದಿದ್ದದ್ದು ಊರಿನ ಪುಣ್ಯ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸೀರಿಯಲ್ ಪೋರ್ಟು. ಒಂಬತ್ತು ಪಿನ್ನಿನ ಆ ಹಳೆಯ ಸಂದು ಸಾಮಾನ್ಯ ಲ್ಯಾಪ್‌ಟಾಪುಗಳಿಂದ ಮಾಯವಾಗಿ ಎಷ್ಟೋ ವರ್ಷವಾಯಿತು. ನನಗೆ ಮಾತ್ರ ಅದಿಲ್ಲದೆ ಆಗದು. ನಾನು ಜಾಗ ಅಳೆಯುವ ಯಂತ್ರವಾದ ಟೋಟಲ್ ಸ್ಟೇಷನ್ ತನ್ನ ಅಳತೆಗಳನ್ನು ಕೊಡುವುದು ಅದರ ಮೂಲಕವೇ. ಕೇಬಲ್ ಚುಚ್ಚಿದರೆ 'ಅನುಮತಿ ಇಲ್ಲ' ಎಂದು ಬರುತ್ತಿತ್ತು. ಯಂತ್ರ ಹೊಂದುವುದಿಲ್ಲ ಎಂದೇ ತೀರ್ಮಾನಿಸಿ, ಕೇಬಲ್ ಬದಲಾಯಿಸಿ, ಪಿನ್ನುಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಹತ್ತು ದಿನ ಒದ್ದಾಡಿದೆ. ಕೊನೆಗೆ ಗೊತ್ತಾದದ್ದು ಇಷ್ಟೇ. ಆ ಪೋರ್ಟನ್ನು ಮುಟ್ಟಬೇಕಾದರೆ 'ಡಯಲ್‌ಔಟ್' ಎಂಬ ಗುಂಪಿನ ಸದಸ್ಯನಾಗಿರಬೇಕು. ನಾನಾಗಿರಲಿಲ್ಲ. ಒಂದು ಸಾಲು ಟೈಪು ಮಾಡಿ ಸದಸ್ಯತ್ವ ತೆಗೆದುಕೊಂಡೆ. ಯುವಕ ಮಂಡಲದಿಂದ ಸೌಹಾರ್ದ ಸಹಕಾರಿಯವರೆಗೆ ಈ ಊರಿನಲ್ಲಿ ಏನೆಲ್ಲದರ ಸದಸ್ಯನಾಗಿದ್ದೇನೆ, ಹೀಗೆ ಕೂಡಲೇ ಉಪಯೋಗಕ್ಕೆ ಬಂದ ಸದಸ್ಯತ್ವ ಇದೊಂದೇ.

ಆಮೇಲೆ ಪೆಟ್ಟಿಗೆ ಹದಿಮೂರು ವರ್ಷ ದುಡಿಯಿತು. ಇನ್ನೂ ದುಡಿಯುತ್ತಿತ್ತು. ಆದರೆ ಅದು 32 ಬಿಟ್ಟಿನ ಕಾಲದ್ದು. 2025ರ ಆಗಸ್ಟಿನಲ್ಲಿ ಬರಲಿದ್ದ ಡೆಬಿಯನ್ 13 ಅಂಥ ಯಂತ್ರಗಳಿಗೆ ಲಿನಕ್ಸಿನ ತಿರುಳಾದ ಕರ್ನಲ್ಲನ್ನೂ ಕೊಡುವುದಿಲ್ಲ, ಇನ್‌ಸ್ಟಾಲರನ್ನೂ ಕೊಡುವುದಿಲ್ಲ ಎಂದು ಮೊದಲೇ ಸುದ್ದಿ ಬಂತು. ಯಾರನ್ನೂ ದೂರುವಂತಿಲ್ಲ. ಮಗ್ಗುಲಾಗದೆ ಮಲಗಿರುವ ಅಜ್ಜನಿಗೆ ಹೊಸ ಅಂಗಿ ಹೊಲಿಸಿ ಎನ್ನಲು ಯಾರಿಗೂ ಬಾಯಿ ಬಾರದು. ಆದರೂ ಓದಿದಾಗ ಹೊಟ್ಟೆಯೊಳಗೆ ಸ್ವಲ್ಪ ಏನೋ ಆಯಿತು. ಎಷ್ಟು ಬೀಳಿಸಿದರೂ ಒಡೆಯದ್ದು ಬೆಂಗಳೂರಲ್ಲೋ ಬರ್ಲಿನ್ನಲ್ಲೋ ಕೂತವರ ಒಂದು ಪಟ್ಟಿಯಿಂದ ಹೆಸರು ಬಿಟ್ಟುಹೋದದ್ದಕ್ಕೆ ಮುದುಕನಾಗಿಬಿಟ್ಟಿತಲ್ಲ.

ಅದೇ ಸಮಯಕ್ಕೆ ಭಾವ ರಜೆಯಲ್ಲಿ ಬಂದರು, ಇನ್ನೊಂದು ಪೆಟ್ಟಿಗೆಯ ಸಮೇತ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಮೈಕ್ರೋಸಾಫ್ಟಿನ ಆರೈಕೆ ಇಲ್ಲ, 11 ಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಬೀಗದ ಚಿಪ್ಪು ಬೇಕು, ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಹೀಗಾಗಿ ಕಂಪನಿಯವರು ಮತ್ತೊಂದು ಸುತ್ತು ಹರಾಜು ಹಾಕಿದ್ದರು. ಒಬ್ಬರ ಮನೆಯ ಗಡುವು ಇನ್ನೊಬ್ಬರ ಮನೆಯ ಹಬ್ಬ.

"ತಗೊಳ್ಳಿ ಭಾವ, ಗಟ್ಟಿ ಉಂಟು" ಎಂದು ಅದರ ಬೆನ್ನಿಗೆ ಮುಷ್ಟಿಯಿಂದ ಒಂದು ಗುದ್ದಿದರು. ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ.

"ಗಟ್ಟಿ ಉಂಟು ಅಂತ ಗೊತ್ತುಂಟು. ಒಮ್ಮೆ ಒಳಗಿನದ್ದು ನೋಡ್ಬೇಕಿತ್ತು" ಎಂದೆ.

"ಒಳಗೆ ಎಂತ ನೋಡ್ಲಿಕ್ಕೆ? ಕಂಪ್ಯೂಟರೇ ಉಂಟು."

ನಾನು ಇಷ್ಟು ಹುಷಾರಾದದ್ದಕ್ಕೆ ಹಳೆಯ ಡಯಲ್‌ಔಟ್ ಪ್ರಸಂಗ ಮಾತ್ರ ಕಾರಣವಲ್ಲ. ಅದಕ್ಕೆ ಎರಡು ತಿಂಗಳ ಮೊದಲು ಒಂದು ಹೆಂಚು ನನಗೆ ಪಾಠ ಹೇಳಿತ್ತು.

ನಮ್ಮದು ಜೆಪ್ಪುವಿನಲ್ಲಿ ಹಳೆಯ ಹೆಂಚಿನ ಮನೆ. ಮಂಗಳೂರು ಹೆಂಚು ಹುಟ್ಟಿದ ಜಾಗವೇ ಅದು. ಬಾಸೆಲ್ ಮಿಷನ್ನಿನವರ ಕಾರ್ಖಾನೆ ಇದ್ದದ್ದು ಅಲ್ಲೇ ನೇತ್ರಾವತಿಯ ದಂಡೆಯಲ್ಲಿ. ನಮ್ಮ ಮಾಡಿನ ಹೆಂಚುಗಳ ಮೇಲೆ ಅವರ ಹೆಸರು, 1865 ಎಂಬ ಇಸವಿ ಈಗಲೂ ಉಬ್ಬಿಕೊಂಡು ಕಾಣುತ್ತದೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವಾಗ, ತೆಂಗಿನಕಾಯಿ ಬಿದ್ದು ಒಂದು ಒಡೆದದ್ದು ಕಂಡಿತು. ನಾನು ಹಳೆ ಹೆಂಚಿನ ಅಂಗಡಿಗೆ ಹೋಗಿ ಕಾರ್ಖಾನೆಯ ಹೆಸರು ಹೇಳಿ ಒಂದು ಹೆಂಚು ತಂದೆ. ಬಣ್ಣ ಅದೇ, ಉದ್ದ ಅದೇ, ಅಗಲ ಅದೇ. ಹೆಂಚು ಹೊದೆಸುವ ಅಜ್ಜ ಪಕ್ಕಾಸಿನ ಮೇಲೆ ಕಾಲು ಚಾಚಿ ಕೂತು ಅದನ್ನು ರೀಪಿಗೆ ಸಿಕ್ಕಿಸಿದರು. ಕೂತಿತು. ಆಮೇಲೆ ಪಕ್ಕದ ಹೆಂಚಿನ ತೋಡಿನ ಮೇಲೆ ಬೆರಳಾಡಿಸಿ, "ಇದು ಆಗ್ಲಿಕ್ಕಿಲ್ಲ" ಎಂದರು.

"ಅದೇ ಕಂಪನಿಯದ್ದಲ್ವಾ ಅಜ್ಜ?"

"ಕಂಪನಿ ಅದೇ ಇರಬಹುದು, ಅಚ್ಚು ಬೇರೆ. ಹೆಸರು ಹೇಳಿದರೆ ಹೆಂಚು ಸಿಗ್ತದೆ, ಹೊಂದುವ ಹೆಂಚು ಸಿಗುವುದಿಲ್ಲ. ಮನೆಯಿಂದ ಒಂದು ಮಾದರಿ ತೆಗೊಂಡು ಹೋಗ್ಬೇಕು, ಅಲ್ಲೇ ಕೂಡಿಸಿ ನೋಡ್ಬೇಕು."

ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತ್ತು. ಸದ್ಯಕ್ಕೆ ಇರಲಿ ಎಂದು ಅದನ್ನೇ ಬಿಟ್ಟೆವು. ನನ್ನ ಮೇಜಿನ ಮೇಲ್ಗಡೆ, ತೋಡಿಗೂ ತೋಡಿಗೂ ನಡುವೆ ಒಂದು ನೂಲಿನಷ್ಟು ಸಂದು. ನಮ್ಮೂರಿನ ಮಳೆಗೆ ನೂಲು ಸಾಕು.

ಲ್ಯಾಪ್‌ಟಾಪಿನಲ್ಲೂ ನಡೆಯುವುದು ಇದೇ. ರಗ್ಡ್ ಲ್ಯಾಪ್‌ಟಾಪುಗಳ ಹೊರಮೈಯನ್ನು ವರ್ಷಾನುಗಟ್ಟಲೆ ಬದಲಿಸುವುದಿಲ್ಲ. ಪೊಲೀಸು ಜೀಪು, ಫೋರ್ಕ್‌ಲಿಫ್ಟುಗಳಲ್ಲಿ ಅದನ್ನು ಕೂರಿಸುವ ಸ್ಟ್ಯಾಂಡು ಮೊದಲೇ ಮಾಡಿಸಿಟ್ಟಿರುತ್ತಾರೆ, ಹೊಸತು ಬಂದರೂ ಅದರಲ್ಲೇ ಕೂರಬೇಕು. ಹೆಸರೂ ಅದೇ, ಆಕಾರವೂ ಅದೇ. ಒಳಗಿನ ಪ್ರೊಸೆಸರು, ವೈಫೈ ಕಾರ್ಡು, ಟಚ್ ಪರದೆಯ ಹಿಂದಿನ ಚಿಪ್ಪು ಮಾತ್ರ ಮಾರ್ಕ್ 1, ಮಾರ್ಕ್ 2 ಎನ್ನುತ್ತ ಬದಲಾಗುತ್ತ ಹೋಗುತ್ತವೆ. 'ಈ ಮಾದರಿ ಲಿನಕ್ಸಿನಲ್ಲಿ ಚೆನ್ನಾಗಿ ಓಡುತ್ತದೆ' ಎಂದು ಯಾರೋ ಹೇಳಿದರೆ, ಅವರ ಹೆಂಚು ಅವರ ಮಾಡಿಗೆ ಹೊಂದಿತು ಎಂದಷ್ಟೇ ಅರ್ಥ.

ಹಾಗಾಗಿ ನಾನೂ ಮಾದರಿ ತೆಗೆದುಕೊಂಡು ಹೋದೆ. ಒಂದು ಪೆನ್‌ಡ್ರೈವು. ಅದರಲ್ಲಿ ಇಡೀ ಲಿನಕ್ಸು ತುಂಬಿಸಿ, ಯಂತ್ರದ ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಏಳಿಸಿ ನೋಡಬಹುದು. 'ಲೈವ್' ಎನ್ನುತ್ತಾರೆ. ಹುಡುಗಿಯನ್ನು ನೋಡಲು ಹೋಗಿ ಉಪ್ಪಿಟ್ಟು ತಿಂದು ಬರುವುದಕ್ಕೆ ಇದನ್ನು ಹೋಲಿಸಲು ಕೈ ತುರಿಸುತ್ತದೆ. ಆದರೆ ಉಪ್ಪಿಟ್ಟು ತಿಂದ ಮೇಲೆ ಒಲ್ಲೆ ಎನ್ನುವುದು ಎಷ್ಟು ಕಷ್ಟ ಎಂದು ಬಲ್ಲವನು ನಾನು. ಪೆನ್‌ಡ್ರೈವಿಗೆ ಅಂಥ ಮುಲಾಜಿಲ್ಲ.

ನಾನು ಬಿಜೈಯ ಭಾವನ ಮನೆಗೆ ಹೋದದ್ದು ಆಟಿ ಅಮಾವಾಸ್ಯೆಯ ಬೆಳಿಗ್ಗೆ. ಬೇಕೆಂದು ಆರಿಸಿದ ದಿನವಲ್ಲ, ಸರ್ವೆಯವನಿಗೆ ಆಟಿಯ ಮಳೆಯಲ್ಲಿ ಎಲ್ಲ ದಿನವೂ ರಜೆ. ಅಲ್ಲಿ ಹಾಲೆ ಮರದ ಕಷಾಯ ತಯಾರಾಗಿತ್ತು. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು ಮಾಡಿದ ಕಷಾಯ. ಕುಡಿದರೆ ವರ್ಷವಿಡೀ ರೋಗ ಹತ್ತಿರ ಬಾರದು ಎಂದು ನಂಬಿಕೆ. ಅದು ಇಳಿದ ಮೇಲೆ ನಾಲಿಗೆಯ ಬೇಸರ ಕಳೆಯಲು ಮೆಂತೆ ಗಂಜಿ.

ಭಾವ ಲೋಟ ಕೈಯಲ್ಲಿ ಹಿಡಿದು, ತೊಗಟೆ ತಂದ ಪಕ್ಕದ ಮನೆಯವರನ್ನು ವಿಚಾರಿಸುತ್ತಿದ್ದರು. "ನಿನ್ನೆಯೇ ಹಗಲು ಹೋಗಿ ಮರ ನೋಡಿದ್ದೀರಲ್ಲ? ಗುರುತಿಗೆ ನೂಲು ಕಟ್ಟಿದ್ರಾ? ಎಲೆ ನೋಡಿದ್ರಾ? ಏಳೇಳು ಎಲೆ ಇತ್ತಾ?" ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದು ಪ್ರಾಣಕ್ಕೆ ಸಂಚಕಾರ ತಂದುಕೊಂಡವರ ಸುದ್ದಿ ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಭಾವ ಮೂರು ಸಲ ಕೇಳಿ, ನಾಲ್ಕನೆಯ ಸಲ ಮೂಸಿ, ಪಕ್ಕದ ಮನೆಯವರು ಒಂದು ಲೋಟ ಕುಡಿದು ಐದು ನಿಮಿಷ ನೆಟ್ಟಗೆ ನಿಂತಿದ್ದನ್ನು ಕಂಡ ಮೇಲೆ ಕಣ್ಣು ಮುಚ್ಚಿ ಕುಡಿದರು. ಮುಖ ಹುಳ್ಳಗೆ ಮಾಡಿ ನನ್ನ ಪೆನ್‌ಡ್ರೈವು ನೋಡಿದರು.

"ನಿಮಗೆ ಎಲ್ಲದಕ್ಕೂ ಸಂಶಯ ಭಾವ" ಎಂದರು.

ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುವ ಅವರ ಮಗ ಪಕ್ಕಕ್ಕೆ ಬಂದು ಕೂತ. "ಸೆಕ್ಯೂರ್ ಬೂಟ್ ತೆಗೀಬೇಕಾ ಮಾವ?" ಎಂದು ಕೇಳಿದ. ಅದು ಯಂತ್ರ ಏಳುವಾಗಿನ ಕಾವಲು. ತೆಗೆಯುವುದು ಬೇಡ, ಹಾಗೆಯೇ ಎದ್ದಿತು. ಕರಿ ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಈ ಸಾಲುಗಳನ್ನು ನೋಡುವುದೆಂದರೆ ನನಗೆ ಪ್ರೀತಿ. ಕರ್ನಲ್ಲು ಮನೆಯೊಳಗೆ ಬಂದು ಒಬ್ಬೊಬ್ಬರನ್ನೇ ಮಾತಾಡಿಸುತ್ತಿರುತ್ತದೆ. ಕೀಬೋರ್ಡು ಇದ್ದೀಯಾ, ಬ್ಯಾಟರಿ ಇದ್ದೀಯಾ, ಯಾರಪ್ಪ ನೀನು, ನಿನ್ನ ಗುರುತು ಹತ್ತಲಿಲ್ಲವಲ್ಲ.

ಆ ಗುರುತು ಹತ್ತದವರನ್ನು ಪತ್ತೆ ಮಾಡುವುದೇ ನನ್ನ ಕೆಲಸ. ಅದಕ್ಕೆ ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಎಂಬ ಎರಡು ಆಜ್ಞೆಗಳಿವೆ. ಒಳಗಿರುವ ಪ್ರತಿ ಚಿಪ್ಪಿಗೂ ಜೋಡಿ ಸಂಖ್ಯೆ ಇರುತ್ತದೆ, ಮೊದಲರ್ಧ ಮನೆತನ, ಎರಡನೆಯದು ಸ್ವಂತದ್ದು. ಇಂಟೆಲ್ ಮನೆತನದ ಸಂಖ್ಯೆ 8086. ಅದು 1978ರಲ್ಲಿ ಅವರು ತಂದ ಚಿಪ್ಪಿನ ಹೆಸರು. ಇಂದಿನ ಕಂಪ್ಯೂಟರುಗಳ ವಂಶಾವಳಿ ಅಲ್ಲಿಂದಲೇ ಶುರು. ಮೂಲಪುರುಷನ ಹೆಸರನ್ನು ಹೀಗೆ ಮಕ್ಕಳು ಮೊಮ್ಮಕ್ಕಳೆಲ್ಲ ಹೊತ್ತುಕೊಂಡು ತಿರುಗುವುದು ನೋಡಿದಾಗ, ನಮ್ಮ ತರವಾಡು ಮನೆಗಳವರು ಯಾರೋ ಹೋಗಿ ಅಲ್ಲಿ ಕೆಲಸಕ್ಕೆ ಸೇರಿರಬೇಕು ಅನಿಸುತ್ತದೆ. ವೈಫೈ ಕಾರ್ಡಿನ ಎದುರಿಗೆ 8086 ಕಂಡಾಗ ನನಗೆ ಉಸಿರು ಬಂತು. ಆ ಮನೆತನದ ವೈಫೈಗೆ ಕರ್ನಲ್ಲಿನಲ್ಲೇ ಡ್ರೈವರು ಉಂಟು. ಒಂದು ನಿಮಿಷದಲ್ಲಿ ಭಾವನ ಮನೆಯ ವೈಫೈ ಹತ್ತಿತು. 2012ರ ವೈಫೈ ಪಾಡನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹುಡುಗನಿಗೆ ಅರ್ಥವಾಗಲಿಲ್ಲ. ವೈಫೈ ಸಿಕ್ಕಿದ್ದಕ್ಕೆ ಈ ಮಾವ ಕಣ್ಣು ಒರಸಿಕೊಳ್ಳುತ್ತಾರೆ!

ಟಚ್ ಪರದೆ ಬೆರಳಿಟ್ಟಲ್ಲೇ ಬಂತು. ಧ್ವನಿ, ಕ್ಯಾಮೆರಾ, ಪರದೆಯ ಬೆಳಕಿನ ಗುಂಡಿ, ಎಲ್ಲ ಆಯಿತು. ಆ ಗುಂಡಿಗಳು ಅಂದುಕೊಂಡಷ್ಟು ಸಲೀಸಲ್ಲ. ಕಂಪನಿಗೊಂದು ರೀತಿ. ಪ್ಯಾನಸೋನಿಕ್ ಲ್ಯಾಪ್‌ಟಾಪುಗಳ ಗುಂಡಿಗಳಿಗೆಂದೇ ಕರ್ನಲ್ಲಿನಲ್ಲಿ ಪ್ರತ್ಯೇಕ ಡ್ರೈವರನ್ನು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ. ಮುಚ್ಚಿ ಮಲಗಿಸಿದೆ, ಗಂಜಿ ಉಂಡು ಬಂದು ತೆರೆದೆ, ಎದ್ದಿತು. ಬೆರಳಚ್ಚು ಓದುವ ಚಿಪ್ಪು ಮಾತ್ರ ಯಾರ ಮಾತಿಗೂ ಓಗೊಡಲಿಲ್ಲ. ಹೋಗಲಿ ಎಂದು ಬಿಟ್ಟೆ. ಕಲ್ಲುಮಣ್ಣು ಹಿಡಿದು ಸವೆದ ನನ್ನ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರವೇ ಒಪ್ಪುವುದಿಲ್ಲ, ಇನ್ನು ಇದು ಒಪ್ಪುತ್ತದೆಯೇ.

ಕನ್ನಡ ಬರುತ್ತದೆಯೇ ಎಂದು ನೋಡುವುದು ನನ್ನದೊಂದು ಶಾಸ್ತ್ರ. ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬುದೊಂದುಂಟು, ಕನ್ನಡ ಗಣಕ ಪರಿಷತ್ತಿನ ಹೆಸರಿನದು. ಅದರ ಬೇರು ಇರುವುದು ಇಲ್ಲೇ ಹತ್ತಿರದಲ್ಲಿ. ಇಂಗ್ಲಿಷ್ ಕೀಲಿಗಳ ಮೇಲೆಯೇ ಉಚ್ಚಾರಣೆ ಹಿಡಿದು ಕನ್ನಡ ಟೈಪು ಮಾಡುವ ಆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರು ಗುರುಪುರದ ಕಡೆಯ ಕಿನ್ನಿಕಂಬಳದವರು. ಕುವೈತಿನಿಂದ ಬಂದ ಯಂತ್ರದಲ್ಲಿ, ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ 1991ರಲ್ಲಿ ಶುರು ಮಾಡಿದ ಕರ್ನಲ್ಲಿನ ಮೇಲೆ, ಕಿನ್ನಿಕಂಬಳದವರ ವಿನ್ಯಾಸದಲ್ಲಿ 'ಪತ್ರೊಡೆ' ಎಂದು ಹೊಡೆದೆ. ತಕಾರಕ್ಕೆ ರಕಾರದೊತ್ತು ಸರಿಯಾಗಿ ಕೂತಿತು. ಒಳಗಿಂದ ಭಾವನ ಹೆಂಡತಿ, "ಪತ್ರೊಡೆ ಆಗ್ತಾ ಉಂಟು, ಇದ್ದು ತಿಂದುಕೊಂಡು ಹೋಗಿ" ಎಂದರು. ಇದು ಕಾಕತಾಳೀಯವೋ ಯಂತ್ರದ ಸಾಮರ್ಥ್ಯವೋ ನಾನು ವಿಚಾರಿಸಲು ಹೋಗಲಿಲ್ಲ.

ಉಳಿದದ್ದು ಸೀರಿಯಲ್ ಪೋರ್ಟು. ಟೋಟಲ್ ಸ್ಟೇಷನ್ನಿನ ಹಳದಿ ಪೆಟ್ಟಿಗೆಯನ್ನೂ ಆಟೋದಲ್ಲಿ ಹಾಕಿ ತಂದಿದ್ದೆ. ಅದನ್ನು ನಡುಮನೆಯಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿದಾಗ ಭಾವನಿಗೆ ನನ್ನ ಸಂಶಯದ ಆಳ ತಿಳಿದದ್ದು.

ನಾನು ಹುಡುಗನಿಗೆ ಲ್ಯಾಂಬ್ಟನ್ನನ ಕತೆ ಹೇಳಿದೆ. ನಮ್ಮ ಕಸುಬಿನ ಹಿರಿಯಜ್ಜ ಅವನು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಅಳೆಯಲು ಶುರು ಮಾಡಿ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಮೈಸೂರು ಸೀಮೆ ದಾಟಿ, ಘಟ್ಟ ಇಳಿದು ಮುಟ್ಟಿದ್ದು ನಮ್ಮ ಮಂಗಳೂರಿಗೆ. ಅಲ್ಲಿಯವರೆಗಿನ ನಕ್ಷೆಗಳಲ್ಲಿ ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದಿತ್ತು. ಅವನು ಅಳೆದು ನೋಡಿದರೆ 360. ನಲವತ್ತು ಮೈಲಿ ಅಗಲದ ದೇಶ ಕಾಗದದ ಮೇಲಿಂದ ಮಾಯ. ಒಂದು ಸೆಂಟ್ಸು ಕಡಿಮೆ ಬಂತೆಂದು ಅಣ್ಣತಮ್ಮಂದಿರು ನನ್ನ ಮೇಲೆ ಹರಿಹಾಯುವಾಗ ನಾನು ಲ್ಯಾಂಬ್ಟನ್ನನನ್ನು ನೆನೆದುಕೊಳ್ಳುತ್ತೇನೆ. ಕೋನ ಅಳೆಯುವ ಅವನ ಥಿಯೊಡಲೈಟಿನ ತೂಕ ಅರ್ಧ ಟನ್ನು. ಇಂಗ್ಲೆಂಡಿನಿಂದ ಬರುವ ದಾರಿಯಲ್ಲೇ ಫ್ರೆಂಚರು ಹಡಗು ಹಿಡಿದು ಮಾರಿಷಸ್ಸಿಗೆ ಒಯ್ದಿದ್ದರು, ಆಮೇಲೆ ದೊಡ್ಡ ಮನಸ್ಸಿನಿಂದ ವಾಪಸು ಕಳಿಸಿದರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಜಾರಿ ಗೋಡೆಗೆ ಬಡಿದು ಅದರ ಚಕ್ರ ಸೊಟ್ಟಗಾಯಿತು. ಪ್ಲೈವುಡ್ಡೂ ಇಲ್ಲ, 26 ಸಲದ ಲೆಕ್ಕವೂ ಇಲ್ಲ. ಲ್ಯಾಂಬ್ಟನ್ ಡೇರೆಯೊಳಗೆ ಬಾಗಿಲು ಹಾಕಿಕೊಂಡು ಆರು ವಾರ ಕೂತು, ತಾನೇ ಬಡಿದು ಎಳೆದು ಅದನ್ನು ಸರಿ ಮಾಡಿಕೊಂಡ.

"ಆರು ವಾರ ರಜೆ ಯಾರು ಕೊಟ್ಟರು?" ಎಂದು ಕೇಳಿದರು ಭಾವ. ಗಲ್ಫಿನಲ್ಲಿ ದುಡಿದವರಿಗೆ ಹೊಳೆಯುವ ಪ್ರಶ್ನೆ.

ಕೇಬಲ್ ಚುಚ್ಚಿದೆ. ಡಯಲ್‌ಔಟಿನ ಸದಸ್ಯತ್ವ ಮೊದಲೇ ಮಾಡಿಸಿಕೊಂಡಿದ್ದೆ. ಟೋಟಲ್ ಸ್ಟೇಷನ್ ನಡುಮನೆಯ ಅಗಲವನ್ನು ಅಳೆದು ಕಳಿಸಿತು, ಪರದೆಯ ಮೇಲೆ ಸಂಖ್ಯೆಗಳು ಸಾಲಾಗಿ ಇಳಿದವು. ಭಾವನಿಗೆ ಅಲ್ಲೇ ಮುಖ ಸಣ್ಣಗಾಯಿತು. ಕಂಟ್ರಾಕ್ಟರು ಹೇಳಿದ್ದಕ್ಕಿಂತ ನಡುಮನೆ ಐದಿಂಚು ಕಿರಿದಾಗಿತ್ತು.

ಪತ್ರೊಡೆ ತಿಂದು, ಬೇಡ ಬೇಡ ಎಂದ ಭಾವನ ಕಿಸೆಗೆ ದುಡ್ಡು ತುರುಕಿ, ಎರಡು ಪೆಟ್ಟಿಗೆಗಳೊಂದಿಗೆ ಆಟೋ ಹತ್ತಿದಾಗ ಸಂಜೆಯಾಗಿತ್ತು. ಕಂಕನಾಡಿಯಲ್ಲಿ ನೀರು ಚಕ್ರದ ಅರ್ಧಕ್ಕೆ ಬಂದಿತ್ತು. ಮನೆಗೆ ಬಂದವನೇ ಮೇಜಿನ ಮೇಲೆ ಹೊಸ ಪೆಟ್ಟಿಗೆ ಇಟ್ಟು ತೆರೆದೆ. ದಿನವಿಡೀ ಪರೀಕ್ಷೆ ಬರೆದದ್ದಲ್ಲವೇ, ಬ್ಯಾಟರಿ ಶೇಕಡ 4 ಉಳಿದಿತ್ತು. ಚಾರ್ಜರು ತೆಗೆದು ಗೋಡೆಯ ಹತ್ತಿರ ಹೋದೆ.

ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು. ನಮ್ಮ ಗೋಡೆಯಲ್ಲಿ ಮೂರು ದುಂಡು ತೂತು.

ಕುವೈತಿನಲ್ಲಿ ಇಂಗ್ಲೆಂಡಿನವರ ಪ್ಲಗ್ಗು. ಭಾವನ ಮನೆ ಕಟ್ಟುವಾಗ ಅಲ್ಲಿಂದಲೇ ಸ್ವಿಚ್ಚುಬೋರ್ಡುಗಳನ್ನೂ ತಂದು ಹಾಕಿಸಿದ್ದರು. ಬೆಳಿಗ್ಗೆಯಿಂದ ಆ ಚಪ್ಪಟೆ ತೂತುಗಳನ್ನು ನೋಡುತ್ತಲೇ ಕೂತಿದ್ದೆ. 8086 ಕಂಡಿತ್ತು, ಇದು ಕಂಡಿರಲಿಲ್ಲ.

ಇವಳು ಬಾಗಿಲಲ್ಲಿ ನಿಂತು ನೋಡಿದಳು. "ಇಡೀ ದಿನ ನೀವು ನೋಡಿದ್ದು ಎಂತ ಹಾಗಾದ್ರೆ?"

"ಎಡಾಪ್ಟರು ಒಂದು ಬೇಕು" ಎಂದೆ. "ಈ ಮಳೆಯಲ್ಲಿ ಹಂಪನಕಟ್ಟೆಗೆ ಹೋಗ್ಬೇಕು ಇನ್ನು."

"ಎಂತಕ್ಕೆ? ಅದು ಎಂತದು ಮತ್ತೆ?"

ಮೇಜಿನ ಹಿಂದೆ, ಗೋಡೆಯಲ್ಲಿ, ಹಳೆಯ ಪೆಟ್ಟಿಗೆಯ ಚಾರ್ಜರು ಚುಚ್ಚಿದ್ದ ಜಾಗ. 2012ರಲ್ಲಿ ನಾನೇ ತಂದು ಸಿಕ್ಕಿಸಿದ ಎಡಾಪ್ಟರು. ಹದಿಮೂರು ವರ್ಷದಲ್ಲಿ ಅದನ್ನು ಒಮ್ಮೆಯೂ ತೆಗೆದಿರಲಿಲ್ಲ. ಎರಡು ಸಲ ಮನೆಗೆ ಬಣ್ಣ ಹೊಡೆದವರು ಗೋಡೆಯ ಜೊತೆಗೆ ಅದಕ್ಕೂ ಹೊಡೆದು, ಅದೀಗ ತಿಳಿಹಸಿರಾಗಿ, ಗೋಡೆಗೇ ಹುಟ್ಟಿದ ಗಂಟಿನ ಹಾಗೆ ಕಾಣುತ್ತಿತ್ತು. ಅದರೊಳಗಿಂದ ಹಳೆಯ ಪ್ಲಗ್ಗನ್ನು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಒಂದು ಹಿಡಿ ಸುಣ್ಣದ ಹುಡಿಯೊಂದಿಗೆ ಬಂತು. ಹಳೆಯ ಪೆಟ್ಟಿಗೆಯ ಹಸಿರು ದೀಪ ಒಮ್ಮೆ ಮಿಟುಕಿ ಆರಿತು. ಹೊಸದರ ದೀಪ ಹತ್ತಿತು.

ಅಷ್ಟರಲ್ಲಿ ಮೇಲಿನಿಂದ ಒಂದು ಹನಿ ಬಂದು ಮೇಜಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಅಜ್ಜ ಬೇಡವೆಂದಿದ್ದ ಹೆಂಚು. ಹೊಸ ಪೆಟ್ಟಿಗೆಗೆ ಚಾರ್ಜರು ಚುಚ್ಚಿತ್ತು, ಬದಿಯ ರಬ್ಬರು ಮುಚ್ಚಳ ತೆರೆದಿತ್ತು. ಮುಚ್ಚಳ ತೆರೆದಿದ್ದರೆ ಎಂಥ ಸೈನ್ಯದ ಪ್ರಮಾಣಪತ್ರವೂ ನೀರಿಗೆ ಲೆಕ್ಕಕ್ಕಿಲ್ಲ. ಗಾಬರಿಯಾಗಿ ಅದನ್ನು ಆಚೆ ಸರಿಸಿದೆ.

ಇವಳು ಪಾತ್ರೆ ತರಲು ಹೋದವಳು ಅರ್ಧದಲ್ಲಿ ನಿಂತು, ಹಿಂದಿರುಗಿ, ಹಳೆಯ ಪೆಟ್ಟಿಗೆಯ ಹಿಡಿ ಹಿಡಿದೆತ್ತಿ, ಅದರ ಮುಚ್ಚಳಗಳೆಲ್ಲ ಹಾಕಿವೆಯೇ ಎಂದು ಒಂದೊಂದಾಗಿ ಒತ್ತಿ ನೋಡಿ, ಹನಿ ಬೀಳುವ ಜಾಗದಲ್ಲಿ ಸರಿಯಾಗಿ ಇಟ್ಟಳು. ಅದರ ಬೆನ್ನ ಮೇಲೆ ಗಂಜಿಯ ಕಿಣ್ಣಿ ಇಟ್ಟಳು.

"ಪಾತ್ರೆ ಮೇಜಿನ ಮೇಲೆಯೇ ಇಡಬಹುದಿತ್ತಲ್ಲ?" ಎಂದೆ.

"ಮೇಜಿಗೆ ನೀರು ಹಾರಿದ್ರೆ ಮರ ಹಾಳಾಗ್ತದೆ" ಎಂದಳು. "ಇದಕ್ಕೆ ಎಂತ ಆಗುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"